ಸಹವಾಸದಿಂದ ಕೆಟ್ಟ ಯಂತ್ರ

ನಮ್ಮ ಅತ್ತಿಗೆ ಮಂಡ್ಯದಲ್ಲಿ ಡಾಕ್ಟರು. ಹೋದ ತಿಂಗಳು ಕ್ಲಿನಿಕ್ ಬಾಗಿಲಿಗೆ ಒಂದು ಚೀಟಿ ಅಂಟಿಸಬೇಕಿತ್ತು: ‘ಡಾಕ್ಟರು ಊರಲ್ಲಿಲ್ಲ. ಅವರು ಸೋಮವಾರ ಬರುತ್ತಾರೆ.’ ಇಂಗ್ಲಿಷಿನಲ್ಲೂ ಇರಲಿ ಅಂತ ಫೋನಿನ ಅನುವಾದದ ಆ್ಯಪ್‌ಗೆ ಹಾಕಿದರು. ‘ಅವರು’ ಇದ್ದ ಕಡೆ ‘ಹಿ’ ಬಂತು. ನಾನು ಡಾಕ್ಟರು ತೆಗೆದು ನರ್ಸು ಅಂತ ಹಾಕಿ ನೋಡಿದೆ. ‘ಶಿ’ ಬಂತು.

ನಮ್ಮ ‘ಅವರು’ ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ. ಅದರಲ್ಲಿ ಇರುವುದು ಮರ್ಯಾದೆ ಮಾತ್ರ. ಹಾಗಾದರೆ ಆ ‘ಹಿ’ ಎಲ್ಲಿಂದ ಬಂತು?

‘ಕಂಪ್ಯೂಟರಿಗೆಲ್ಲಿಯ ಭೇದಭಾವ, ಅದು ಬರೀ ಲೆಕ್ಕ’ ಅನ್ನುವವರು ಬೇಕಾದಷ್ಟು ಜನ. ಈ ಮಾತು ಕೇಳಿದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಲೆಕ್ಕ ನಿಜ. ಆದರೆ ಅದು ಯಾವುದರ ಲೆಕ್ಕ?

ಪೂಜೆ ಅಂದರೇನು ಅಂತಲೇ ಗೊತ್ತಿಲ್ಲದ ಒಬ್ಬರನ್ನು ಮೈಸೂರಿನ ದೇವರಾಜ ಮಾರ್ಕೆಟ್ಟಿನ ಬಾಗಿಲಲ್ಲಿ ನಿಲ್ಲಿಸಿ. ಹೂವು ಕೊಂಡವರ ಚೀಲದಲ್ಲೇ ಕುಂಕುಮ, ಕರ್ಪೂರ, ತೆಂಗಿನಕಾಯಿ ಕಾಣುತ್ತವೆ. ನೂರು ಚೀಲ ನೋಡುವಷ್ಟರಲ್ಲಿ, ಇವೆಲ್ಲ ಒಂದೇ ಕೆಲಸದ ಸಾಮಾನು ಅಂತ ಅವರು ಊಹಿಸಿಬಿಡುತ್ತಾರೆ. ಯಂತ್ರ ಪದಗಳನ್ನು ಕಲಿಯುವುದೂ ಹೀಗೇ. ಅರ್ಥ ಗೊತ್ತಿಲ್ಲ, ಯಾವುದರ ಜೊತೆ ಯಾವುದು ಬಂತು ಅನ್ನುವುದಷ್ಟೇ ಗೊತ್ತು. ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಎಂದು ಜೆ. ಆರ್. ಫರ್ತ್ ಎಂಬ ಬ್ರಿಟಿಷ್ ಭಾಷಾವಿಜ್ಞಾನಿ 1957ರಲ್ಲೇ ಬರೆದಿದ್ದರು. ಸಹವಾಸದಿಂದ ಸನ್ಯಾಸಿ ಕೆಟ್ಟ ಅಂತೀವಲ್ಲ, ಪದಗಳ ಪಾಡೂ ಅದೇ.

ಇಂಗ್ಲಿಷ್ ಸುದ್ದಿಗಳನ್ನು ಓದಿಸಿ ತಯಾರಿಸಿದ ಇಂಥ ಒಂದು ಪ್ರಸಿದ್ಧ ಯಂತ್ರದಲ್ಲಿ ಒಂದೊಂದು ಪದಕ್ಕೂ 300 ಅಂಕಿಗಳ ವಿಳಾಸ ಇದೆ. ಸಹವಾಸ ಜಾಸ್ತಿ ಇದ್ದ ಪದಗಳು ಅಕ್ಕಪಕ್ಕದ ಮನೆಯವು. ‘ಗಂಡಸಿಗೆ ರಾಜ ಆದರೆ ಹೆಂಗಸಿಗೆ?’ ಅಂದರೆ ವಿಳಾಸಗಳನ್ನು ಕೂಡಿ ಕಳೆದು ‘ರಾಣಿ’ ಅನ್ನುತ್ತದೆ. ಮೊದಲ ಸಲ ಇದನ್ನು ಓದಿದಾಗ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ, ಅಷ್ಟು ಚಂದದ ಉಪಾಯ. 2016ರಲ್ಲಿ ಸಂಶೋಧಕರು ‘ಗಂಡಸಿಗೆ ಪ್ರೋಗ್ರಾಮರ್ ಆದರೆ ಹೆಂಗಸಿಗೆ?’ ಎಂದು ಕೇಳಿದರು. ‘ಗೃಹಿಣಿ’ ಎಂದಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಸುದ್ದಿಗಳಲ್ಲಿ ಇದ್ದ ಸಹವಾಸ ಅದು.

ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೂ ಒಂದು ಲೆಕ್ಕ. ಯಂತ್ರ ಅಷ್ಟಕ್ಕೇ ನಿಲ್ಲುವುದಿಲ್ಲ. ಆಲೆಮನೆ ನೋಡಿದ್ದೀರಲ್ವಾ? ಚೌಳು ನೆಲದ ಕಬ್ಬಿನ ಹಾಲಿನಲ್ಲಿ ಉಪ್ಪು ಸ್ವಲ್ಪವೇ ಇರುತ್ತದೆ. ಕೊಪ್ಪರಿಗೆಯಲ್ಲಿ ಕುದಿಸಿ ನೀರು ಆವಿಯಾದ ಮೇಲೆ ಬೆಲ್ಲದಲ್ಲಿ ಆ ಉಪ್ಪು ನಾಲಿಗೆಗೆ ತಾಗುತ್ತದೆ. 2017ರ ಒಂದು ಅಧ್ಯಯನದಲ್ಲಿ, ಕಲಿಸಲು ಕೊಟ್ಟ ಚಿತ್ರಗಳಲ್ಲಿ ಅಡುಗೆ ಮಾಡುವವರು ಹೆಂಗಸರಾಗಿರುವ ಸಾಧ್ಯತೆ ಗಂಡಸರಿಗಿಂತ ಶೇ. 33 ಜಾಸ್ತಿ ಇತ್ತು. ಕಲಿತ ಯಂತ್ರದ ಉತ್ತರಗಳಲ್ಲಿ ಅದು ಶೇ. 68ಕ್ಕೆ ಏರಿತು. ಕಾರಣ ಸರಳ. ನೂರು ಡಾಕ್ಟರರಲ್ಲಿ ಎಪ್ಪತ್ತು ಗಂಡಸರು ಅಂತಿಟ್ಟುಕೊಳ್ಳಿ. ಪ್ರತಿ ಸಲವೂ ‘ಹಿ’, ‘ಶಿ’ ಎರಡರಲ್ಲಿ ಒಂದನ್ನು ಆರಿಸಿ ಹೇಳಬೇಕು ಅಂದರೆ, ಹೆಚ್ಚು ಸಲ ಸರಿಯಾಗಲು ನೂರಕ್ಕೆ ನೂರು ಸಲವೂ ‘ಹಿ’ ಅನ್ನುವುದೇ ಅದಕ್ಕೆ ಲಾಭ. ಉಳಿದ ಮೂವತ್ತು ಹೆಂಗಸರು ಆವಿಯಾಗಿ ಹೋಗುತ್ತಾರೆ.

ಮೈಬಣ್ಣದ್ದೂ ಇದೇ ಕಥೆ. ಜಾಯ್ ಬೂಲಮ್‌ವಿನಿ, ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು 2018ರಲ್ಲಿ, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿದರು. ಆಫ್ರಿಕಾ ಮತ್ತು ಯುರೋಪಿನ ಆರು ದೇಶಗಳ ಸಂಸದರ ಫೋಟೊಗಳು. ಬಿಳಿ ಮೈಬಣ್ಣದ ಗಂಡಸರಲ್ಲಿ ತಪ್ಪು ಶೇ. 0.8ನ್ನು ದಾಟಲಿಲ್ಲ. ಕಪ್ಪು ಮೈಬಣ್ಣದ ಹೆಂಗಸರಲ್ಲಿ ಶೇ. 34.7ರವರೆಗೂ ಹೋಯಿತು. ನಮ್ಮ ಆಫೀಸುಗಳಿಗೆ ಮುಖ ನೋಡಿ ಹಾಜರಿ ಹಾಕುವ ಯಂತ್ರ ತರುವವರು ಇದನ್ನು ತಿಳಿದಿರಬೇಕು. ಯಾರ ಮುಖ ತೋರಿಸಿ ಕಲಿಸಿದ್ದೀರಿ ಅಂತ ಕೊಳ್ಳುವ ಮೊದಲೇ ಕೇಳಬೇಕು.

ಅತ್ತಿಗೆ ಚೀಟಿಯನ್ನು ಮತ್ತೆ ಬರೆದರು. ಈ ಸಲ ಹಳ್ಳಿಯ ರೋಗಿಗಳು ಕರೆಯುವ ಹಾಗೆ ‘ಡಾಕ್ಟರಮ್ಮ ಊರಲ್ಲಿಲ್ಲ’ ಅಂತ ಹಾಕಿದರು. ಆಗ ‘ಶಿ’ ಬಂತು.