ಬೀಗ ಹಾಕುವ ಮುಂಚಿನ ಕಾಲು ಗಂಟೆ

ಐಟಿಐಗೆ ಮಗನನ್ನು ಸೇರಿಸಲು ಬರುವ ತಂದೆತಾಯಿಗಳು ಬಹುಪಾಲು ಒಂದೇ ಮಾತು ಹೇಳುತ್ತಾರೆ: "ಕೆಲಸ ಆಮೇಲೆ ಕಲಿಯಲಿ ಸರ್, ಮೊದಲು ಸ್ವಲ್ಪ ಶಿಸ್ತು ಕಲಿಸಿರಿ." ಇವೆರಡು ಬೇರೆ ಬೇರೆ ಎಂದು ನನಗೆ ಎಂದೂ ಅನ್ನಿಸಿಲ್ಲ. ಹುಬ್ಬಳ್ಳಿಯಲ್ಲಿ ಫಿಟ್ಟರ್ ಹುಡುಗರಿಗೆ ಕಲಿಸುವ ನನಗೆ, ಯಾರಲ್ಲಿ ಎಷ್ಟು ಶಿಸ್ತಿದೆ ಎಂದು ತಿಳಿಯಲು ವರ್ಕ್‌ಶಾಪಿಗೆ ಬೀಗ ಹಾಕುವ ಮುಂಚಿನ ಕಾಲು ಗಂಟೆ ಸಾಕು.

ಆ ಹೊತ್ತಿನಲ್ಲಿ ಅವರ ಟೇಬಲ್ ನೋಡಬೇಕು. ಅರಗಳನ್ನು ಒಂದರ ಮೇಲೊಂದು ಒಟ್ಟಿದ್ದರೆ ಹಲ್ಲಿಗೆ ಹಲ್ಲು ತಿಕ್ಕಿ ಮೊಂಡಾಗುತ್ತವೆ. ಅವುಗಳ ಅಡಿಯಲ್ಲಿ ಟ್ರೈ ಸ್ಕ್ವೇರ್ ಸಿಕ್ಕಿಕೊಂಡಿದ್ದರೆ ನಾಳೆ ಅದು ತೋರಿಸುವ ಲಂಬಕೋನವನ್ನು ನಂಬುವಂತಿಲ್ಲ. ನಮ್ಮ ವರ್ನಿಯರ್ ಕ್ಯಾಲಿಪರ್ 0.02 ಮಿ.ಮೀ.ವರೆಗೆ ಅಳೆಯುತ್ತದೆ; ದವಡೆಯಲ್ಲಿ ಕಬ್ಬಿಣದ ಪುಡಿ ಉಳಿದರೆ ಆ ಸೂಕ್ಷ್ಮವೆಲ್ಲ ದಂಡ. ಒರೆಸಿ, ತೆಳುವಾಗಿ ಎಣ್ಣೆ ಸವರಿ ಪೆಟ್ಟಿಗೆಯಲ್ಲಿಡಲು ಎರಡು ನಿಮಿಷ ಬೇಕು. ಮರುದಿನ ಅದನ್ನು ಹಿಡಿಯುವವನು ಬೇರೆ ಬ್ಯಾಚಿನ ಹುಡುಗ, ಇವನಿಗೆ ಅವನ ಪರಿಚಯವೂ ಇರುವುದಿಲ್ಲ. ಮುಖ ಕಾಣದವನಿಗಾಗಿ ಆ ಎರಡು ನಿಮಿಷ ಕೊಡುವುದನ್ನು ನೀತಿಪಾಠದ ಪೀರಿಯಡ್ಡಿನಲ್ಲಿ ಕಲಿಸಲಾಗದು.

ಲೋಹವನ್ನು ತಿರುಗಿಸಿ ಕತ್ತರಿಸುವ ಲೇಥ್ ಯಂತ್ರಕ್ಕಂತೂ ಕರುಣೆಯೇ ಇಲ್ಲ. ಆ ಲೋಹವನ್ನು ಕಚ್ಚಿ ಹಿಡಿಯುವ ಚಕ್‌ನಲ್ಲಿ, ಅದನ್ನು ಬಿಗಿ ಮಾಡುವ ಕೀ ಬಿಟ್ಟು ಮೋಟಾರ್ ಹಾಕಿದರೆ ಕೀ ಕವಣೆ ಕಲ್ಲಿನಂತೆ ಚಿಮ್ಮುತ್ತದೆ. ಕೀ ಚಕ್‌ನಲ್ಲಿರುವಷ್ಟು ಹೊತ್ತು ಕೈ ಕೀ ಮೇಲಿರಬೇಕು, ಅಷ್ಟೇ. ಕೈಯಲ್ಲಿ ಕಡಗ, ದಾರ ಇರಬಾರದು. ಲೋಹದ ಸುರುಳಿಯನ್ನು ಬೆರಳಿನಿಂದ ಎಳೆಯಬಾರದು, ಬ್ರಷ್ ಬಳಸಬೇಕು. ಇದನ್ನು ದಿನವೂ ಹೇಳುತ್ತೇನೆ. ಹುಡುಗರಿಗೆ ಬೇಸರ ಬಂದರೆ ಬರಲಿ.

ತಡವಾಗಿ ಬರುವವರ ವಿಷಯದಲ್ಲಿ ಮಾತ್ರ ನಾನು ಮೆತ್ತಗೆ. ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಬೇಕೇ ಬೇಕು, ನಿಜ. ಆದರೆ ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಿಂದ ಬರುವವನನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಅವನ ಇನ್ನೊಂದು ಗಂಟೆ ಹಾಳಾಗುತ್ತದೆಯೇ ಹೊರತು ಊರಿನ ಬಸ್ಸೇನೂ ಬೇಗ ಹೊರಡುವುದಿಲ್ಲ. ಯಂತ್ರ ಮುಟ್ಟುವ ಮುಂಚೆ ಅಂದಿನ ಸುರಕ್ಷತೆಯ ಮಾತುಗಳನ್ನು ಅವನಿಂದ ಹೇಳಿಸಿ ಒಳಗೆ ಬಿಡುತ್ತೇನೆ.

ಕಸ ಗುಡಿಸುವುದನ್ನು ಶಿಕ್ಷೆಯಾಗಿ ಕೊಡುವ ಚಾಳಿ ಕೆಲವು ಕಡೆ ಇದೆ. ಒಮ್ಮೆ ಹಾಗೆ ಮಾಡಿದರೆ ಸಾಕು, ಪೊರಕೆ ಹಿಡಿಯುವುದು ತಪ್ಪು ಮಾಡಿದವರ ಕೆಲಸ ಎಂದು ಇಡೀ ತರಗತಿ ಕಲಿತುಬಿಡುತ್ತದೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೋ ತಾರಿಹಾಳಕ್ಕೋ ಕೆಲಸಕ್ಕೆ ಹೋದ ಮೇಲೆ, ಕೆಲಸದ ಜಾಗವನ್ನು ಚೊಕ್ಕಟವಾಗಿ, ಒಪ್ಪವಾಗಿ ಇಡುವ, ಜಪಾನಿನಿಂದ ಬಂದ 'ಫೈವ್ ಎಸ್' ಪದ್ಧತಿಯ ಹೆಸರಿನಲ್ಲಿ ಅದೇ ಕೆಲಸವನ್ನು ಅವರು ಮಾಡಬೇಕಾಗುತ್ತದೆ. ನಮ್ಮಲ್ಲಿ ಗುಡಿಸುವ ಪಾಳಿ ಹಾಜರಿ ಸಂಖ್ಯೆಯ ಪ್ರಕಾರ ನಡೆಯುತ್ತದೆ. ಶನಿವಾರದ ಪಾಳಿ ನನ್ನದು.