ವಾರಕ್ಕೆ ಎರಡು ತಾಸು ಬಂದ್ರೆ ತೋಟಕ್ಕೆ ಉಪಯೋಗ ಆಗುತ್ತಾ?

ಪ್ರಶ್ನೆ: ವಿಜಯಪುರದಲ್ಲಿ ಬಿ.ಕಾಂ ಓದುತ್ತಿದ್ದೇನೆ. ನಮ್ಮ ಕಾಲೇಜಿನ ಆವರಣದಲ್ಲಿ ಈ ಕಡೆಯವೇ ಗಿಡಗಳ ತೋಟ ಮಾಡುತ್ತಿದ್ದಾರೆ. ಸೇರಬೇಕು ಅಂತ ಆಸೆ. ಆದರೆ ಗಿಡಗಳ ಬಗ್ಗೆ ಏನೂ ಗೊತ್ತಿಲ್ಲ. ಬಿಡುವು ವಾರಕ್ಕೆ ಎರಡೇ ತಾಸು. ನನ್ನಿಂದ ಏನಾದರೂ ಉಪಯೋಗ ಇದೆಯಾ?

ಖಂಡಿತ ಇದೆ. ಆದರೆ ಮೊದಲ ತಿಂಗಳು ಕುರ್ಪಿ ಹಿಡಿಯಲು ಅವಸರ ಮಾಡಬೇಡಿ. ಗಿಡಗಳ ಗುರುತು ಕಲಿಯಿರಿ.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಕಾಲೇಜು ತೋಟದಲ್ಲಿ ತಂಗಡಿ ಬೀಜ ಹಾಕಿದ್ದೆವು. ಮಳೆಗೆ ಚೆನ್ನಾಗಿ ಹುಟ್ಟಿದ್ದವು. ಹೊಸದಾಗಿ ಬಂದ ಹುಡುಗರು ಒಂದೇ ಬೆಳಗ್ಗೆ ಎಲ್ಲವನ್ನೂ ತಗಚಿ ಕಳೆ ಅಂದುಕೊಂಡು ಕಿತ್ತರು. ಪಾಪ, ಬೆವರು ಸುರಿಸಿ ಕೆಲಸ ಮಾಡಿದ್ದರು. ತೋರಿಸಿ ಕೊಡದೇ ಇದ್ದದ್ದು ನನ್ನ ತಪ್ಪು. ತಗಚಿಗೆ ಒಂದು ಕಡ್ಡಿಗೆ ಮೂರು ಜೋಡಿ ಅಗಲ ಎಲೆ. ಬೆಳೆದ ತಂಗಡಿಗೆ ಹತ್ತರ ಆಸುಪಾಸು ಜೋಡಿ. ಅದರ ಕಡ್ಡಿಯ ಬುಡದಲ್ಲಿ ಕಿವಿಯಂಥ ಪುಟ್ಟ ಎಲೆಯೂ ಇರುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ.

ಬನ್ನಿಯದೂ ಇದೇ ಕಥೆ. ದಸರೆಯಲ್ಲಿ 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಅಂತ ಎಲ್ಲರೂ ಎಲೆ ಕೊಡುತ್ತೇವೆ. ಗಿಡದ ಮುಂದೆ ನಿಲ್ಲಿಸಿ ಕೇಳಿದರೆ ಬಳ್ಳಾರಿ ಜಾಲಿಯನ್ನೇ ಬನ್ನಿ ಅನ್ನುವವರು ಇದ್ದಾರೆ. ಮುಳ್ಳು ನೋಡಿ. ಬಳ್ಳಾರಿ ಜಾಲಿಗೆ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲೇ ಇರುತ್ತದೆ. ಬನ್ನಿಗೆ ಎರಡು ಗೆಣ್ಣಿನ ನಡುವೆ, ಗಿಡ್ಡ ಮುಳ್ಳು. ಇದು ಗೊತ್ತಿರಬೇಕು, ಯಾಕೆಂದರೆ ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿಯನ್ನು ತೆಗೆಯಲೇಬೇಕು. ಸುಮ್ನೆ ಮೇಲೆ ಕಡಿದರೆ ಬುಡದಿಂದ ಮತ್ತೆ ನಾಲ್ಕು ಟಿಸಿಲು ಬರುತ್ತವೆ. ಸಣ್ಣದಿದ್ದಾಗಲೇ ಬೇರುಸಹಿತ ಅಗೆದು ಹಾಕುವುದು ಸುಲಭ.

ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕೀಳಬೇಕು. ಕೈಗವಸು ಬೇಕೇ ಬೇಕು, ಅದು ಚರ್ಮಕ್ಕೆ ತುರಿಕೆ ತರುತ್ತದೆ. ನಿಮಗೆ ಉಬ್ಬಸ ಇದ್ದರೆ ಈ ಕೆಲಸ ಬೇಡ ಅಂತ ಸಂಕೋಚವಿಲ್ಲದೆ ಹೇಳಿ. ನೀರು ಹಾಕುವುದು, ಬೀಜ ಬಿಡಿಸುವುದು, ಎಷ್ಟೊಂದು ಕೆಲಸ ಇವೆ.

ಇನ್ನು ಎರಡು ತಾಸಿನ ಮಾತು. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಸೇವೆ ಅಂತ ಲೆಕ್ಕ. ನೀವು ವರ್ಷವಿಡೀ ತಪ್ಪದೆ ಬಂದರೆ ಅದರ ಹತ್ತಿರ ಹತ್ತಿರ ಆಗುತ್ತದೆ. ತೋಟ ಎನ್‌ಎಸ್‌ಎಸ್ ಕಡೆಯಿಂದಲೇ ನಡೆಯುತ್ತಿದ್ದರೆ ಹೆಸರು ಬರೆಸಿ. ಆದರೆ ನನಗೆ ಗಂಟೆಗಿಂತ ತಿಂಗಳು ಮುಖ್ಯ. ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಡಲು ಬೇಕಾದಷ್ಟು ಜನ ಸೇರುತ್ತಾರೆ. ಸಸಿ ಸಾಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಪರೀಕ್ಷೆ, ರಜೆ, ಜೊತೆಗೆ ನಲವತ್ತು ಡಿಗ್ರಿ ಬಿಸಿಲು. ತೋಟದ ಕಡೆ ಯಾರೂ ಇರುವುದಿಲ್ಲ. ನೀವು ಊರಲ್ಲೇ ಇರುವವರಾದರೆ ಆ ಎರಡು ತಿಂಗಳು ಬೆಳಗ್ಗೆ ಆರಕ್ಕೆ ಬಂದು ಒಂದು ಸಾಲಿಗೆ ನೀರು ಹಾಕಿ ಹೋಗಿ. ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ನಮ್ಮ ಎರಿ ಮಣ್ಣಿನ ಗುಣವೂ ಹಾಗೇ ಇದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಆ ಬಿರುಕಿನಲ್ಲಿ ಎಳೆ ಬೇರು ಹರಿಯುತ್ತವೆ, ತೇವವೂ ಆರುತ್ತದೆ. ಸಸಿಯ ಬುಡದ ಸುತ್ತ ಒಣ ಎಲೆ ಮುಚ್ಚಿದರೆ ನೆಲ ಅಷ್ಟು ಬೇಗ ಸೀಳುವುದಿಲ್ಲ. ಅದಕ್ಕೇ ಉದುರಿದ ಎಲೆಗೆ ಬೆಂಕಿ ಹಚ್ಚುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆವರಣ ಸ್ವಚ್ಛ ಕಾಣಲಿ ಅಂತ ಮಾಡುತ್ತಾರೆ. ಅವರ ಜೊತೆ ಜಗಳ ಬೇಡ. ಆ ಎಲೆ ನಮಗೆ ಕೊಡಿ ಅಂತ ಕೇಳಿ, ಖುಷಿಯಿಂದ ಕೊಡುತ್ತಾರೆ. ಮಳೆ ಬಿದ್ದ ಮರುದಿನ ಮಾತ್ರ ಮಡಿಯೊಳಗೆ ಕಾಲಿಡಬೇಡಿ. ಮಣ್ಣು ಕಾಲಿಗೆ ಮೆತ್ತುತ್ತದೆ, ತುಳಿದ ಜಾಗ ಗಟ್ಟಿಯಾಗುತ್ತದೆ. ಹದ ಬರಲಿ, ಕಾಯಿರಿ.

ಎಲೆ ತೂತಾಗಿದ್ದರೆ ಗಾಬರಿಯಾಗಿ ಔಷಧ ಹೊಡೆಯಬೇಡಿ. ಎಕ್ಕೆ ಎಲೆ ತಿನ್ನುವ ಪಟ್ಟೆಪಟ್ಟೆ ಹುಳ ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಬಿಲ್ಪತ್ರಿ ಮೇಲಿನ ಹಸಿರು ಹುಳವೂ ಚಿಟ್ಟೆಯದೇ ಇರಬಹುದು. ಇಂಡಿ ಕಡೆ ಲಿಂಬೆ ತೋಟದವರಿಗೆ ಅದು ಪೀಡೆ, ನಿಜ. ಆದರೆ ಇಂಥ ತೋಟ ಮಾಡುವುದೇ ಆ ಜೀವಗಳಿಗೆ ಜಾಗ ಇರಲಿ ಅಂತ ಅಲ್ವಾ?

ಜೂನ್‌ನಲ್ಲಿ ಬರುವ ಮಿರಗದ ಮಳೆಯ ಹೊತ್ತಿಗೆ ಬೇವಿನ ಹಣ್ಣು ಉದುರುತ್ತಿರುತ್ತವೆ. ಬೇವಿನ ಬೀಜ ಜಾಸ್ತಿ ದಿನ ತಡೆಯುವುದಿಲ್ಲ, ಎರಡು ಮೂರು ವಾರದೊಳಗೆ ಹಾಕಬೇಕು. ಆ ದಿನಗಳಲ್ಲಿ ಕಾಲೇಜಿಗೆ ಬರುವಾಗ ಒಂದು ಬಟ್ಟೆ ಚೀಲ ಜೊತೆಗಿರಲಿ. ದಾರಿಯಲ್ಲಿ ಬಿದ್ದ ಹಣ್ಣು ಆರಿಸಿ ತಂದು, ತಿರುಳು ತೊಳೆದು, ನೆರಳಲ್ಲಿ ಆರಿಸಿ ಕೊಡಿ.