ಹೊಳೆಯುವ ಪಟ್ಟಿ ಅಂದರೆ ಜೋರು ಮಳೆ ಅಲ್ಲ: ವಿಂಡ್ ಪ್ರೊಫೈಲರ್ ಬಗ್ಗೆ ನನ್ನ ಟಿಪ್ಪಣಿ

ಇಂಟರ್ನಲ್‌ನಲ್ಲಿ ಐದಕ್ಕೆ ಒಂದೂವರೆ ಅಂಕ ಕೊಟ್ಟ ಪ್ರಶ್ನೆ ಇದು. ವಿಂಡ್ ಪ್ರೊಫೈಲರ್ ಅಂದರೆ ಮೇಲಿನ ಬೇರೆ ಬೇರೆ ಎತ್ತರದ ಗಾಳಿ ಅಳೆಯುವ ರೇಡಾರ್. ಅದರ ಚಿತ್ರದಲ್ಲಿ 4.6 ಕಿ.ಮೀ. ಎತ್ತರದಲ್ಲಿ ಒಂದು ಹೊಳೆಯುವ ಪಟ್ಟಿ, ಅಂದರೆ ಪ್ರತಿಧ್ವನಿ ಜೋರಾಗಿರುವ ಜಾಗ, ಇತ್ತು. ಅದೇನು ಅಂತ ಪ್ರಶ್ನೆ. "ಇಲ್ಲಿ ಮಳೆ ಅತಿ ಜೋರು" ಅಂತ ಬರೆದು, ಖುಷಿಯಾಗಿ ಹಾಸನ ಬಸ್‌ಸ್ಟ್ಯಾಂಡಿಗೆ ಹೋಗಿ ಸಕಲೇಶಪುರದ ಬಸ್ ಹತ್ತಿದೆ. ಅದು ಹಿಮ ಕರಗುವ ಜಾಗ ಅಂತ ಗೊತ್ತಾಗಿದ್ದು ಪೇಪರ್ ವಾಪಸ್ ಬಂದಾಗ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಡಾಪ್ಲರ್ ಪಲ್ಲಟ (ಹತ್ತಿರ ಬರುವ ಅಥವಾ ದೂರ ಹೋಗುವ ವಸ್ತುವಿನಿಂದ ಹಿಂದಿರುಗುವ ಅಲೆಯ ಆವರ್ತನ ಬದಲಾಗುವುದು, ರೇಡಾರ್‌ಗೆ ವೇಗ ಗೊತ್ತಾಗುವುದು ಇದರಿಂದಲೇ) ಎಲ್ಲರಿಗೂ ಬರುತ್ತೆ ಅಂದುಕೊಂಡು ಅದನ್ನು ಬಿಟ್ಟಿದ್ದೇನೆ.

ಗಾಳಿ ನೋಡುವ ಯಂತ್ರಕ್ಕೆ ಮಳೆ ಯಾಕೆ ಕಾಣುತ್ತೆ

ಪ್ರೊಫೈಲರ್ ಗಿರಗಿರ ತಿರುಗುವ ರೇಡಾರ್ ಅಲ್ಲ. ಒಂದು ಬೀಮ್ ನೆಟ್ಟಗೆ ಮೇಲಕ್ಕೆ, ಉಳಿದವು ಸುಮಾರು 15 ಡಿಗ್ರಿ ವಾಲಿರುತ್ತವೆ. ಬರೀ ಗಾಳಿಯಿಂದಲೇ ಅದಕ್ಕೆ ಪ್ರತಿಧ್ವನಿ ಸಿಗುತ್ತೆ: ಸುಳಿಗಳಲ್ಲಿ ತೇವ, ಉಷ್ಣತೆ ಏರುಪೇರಾಗುತ್ತವೆ, ಅರ್ಧ ತರಂಗಾಂತರದ ಅಳತೆಯ ಏರುಪೇರುಗಳು ಅಲೆಯನ್ನು ಹಿಂದಕ್ಕೆ ಎಸೆಯುತ್ತವೆ. ಹನಿಗಳಿಂದ ಬರುವ ಪ್ರತಿಧ್ವನಿಯ ಲೆಕ್ಕವೇ ಬೇರೆ. ಅದು ರ್ಯಾಲೆ ಚದುರುವಿಕೆ, ಅಂದರೆ ತರಂಗಾಂತರಕ್ಕಿಂತ ತುಂಬಾ ಚಿಕ್ಕ ಕಣಗಳಿಂದ ಅಲೆ ಚದುರುವುದು. ವ್ಯಾಸದ ಆರನೇ ಘಾತಕ್ಕೆ ಏರುತ್ತೆ, ತರಂಗಾಂತರದ ನಾಲ್ಕನೇ ಘಾತಕ್ಕೆ ಇಳಿಯುತ್ತೆ. ತಿರುಪತಿ ಹತ್ತಿರದ ಗಾದಂಕಿಯ ರೇಡಾರ್ 53 ಮೆಗಾಹರ್ಟ್ಸ್, ತರಂಗಾಂತರ ಸುಮಾರು 5.7 ಮೀಟರ್. 915 ಮೆಗಾಹರ್ಟ್ಸ್ ಪ್ರೊಫೈಲರ್‌ಗೆ ಅದು 33 ಸೆಂ.ಮೀ. ಹದಿನೇಳು ಚಿಲ್ಲರೆ ಪಟ್ಟು ವ್ಯತ್ಯಾಸ. ನಾಲ್ಕನೇ ಘಾತಕ್ಕೆ ಏರಿಸಿದರೆ ಅದೇ ಮಳೆ ಎರಡನೆಯದಕ್ಕೆ ಹತ್ತಿರ ಹತ್ತಿರ 90 ಸಾವಿರ ಪಟ್ಟು ಜೋರಾಗಿ ಕಾಣುತ್ತೆ.

ಹಾಗಾಗಿ 915ರಲ್ಲಿ ಮಳೆ ಬಂತೆಂದರೆ ಗಾಳಿಯ ಪ್ರತಿಧ್ವನಿ ಅದರಡಿ ಮುಚ್ಚಿಹೋಗುತ್ತೆ. 53ರಲ್ಲಿ ಪ್ರತಿಧ್ವನಿಯ ವೇಗದ ನಕ್ಷೆಯಲ್ಲಿ ಗಾಳಿಗೊಂದು, ಮಳೆಗೊಂದು, ಹೀಗೆ ಎರಡು ಶಿಖರ ಬೇರೆ ಬೇರೆ ಕಾಣಬಹುದು. ಒಂದರಿಂದ ಇನ್ನೊಂದನ್ನು ಕಳೆದರೆ ಹನಿಯ ನಿಜವಾದ ಬೀಳುವ ವೇಗ.

ಪಟ್ಟಿ ಯಾಕೆ ಹೊಳೆಯುತ್ತೆ (ನಾನು ಎಡವಿದ್ದು ಇಲ್ಲೇ)

ಮಳೆಗಾಲದಲ್ಲಿ ನಮ್ಮ ಮೇಲೆ ಸೊನ್ನೆ ಡಿಗ್ರಿ ಇರುವುದು ಸುಮಾರು 5 ಕಿ.ಮೀ. ಎತ್ತರದಲ್ಲಿ. ಮುಳ್ಳಯ್ಯನಗಿರಿಯೇ ಎರಡು ಕಿ.ಮೀ. ಮುಟ್ಟುವುದಿಲ್ಲ, ಅದರ ನೆತ್ತಿಯಿಂದ ಇನ್ನೂ ಮೂರು ಕಿ.ಮೀ. ಮೇಲೆ. ಅಲ್ಲಿ ಇರುವುದು ಹಿಮ. ಅದು ಕರಗಲು ಶುರುವಾಗುವುದು ಸೊನ್ನೆ ಡಿಗ್ರಿ ದಾಟಿ ಇಳಿದ ಮೇಲೆ. ಪಟ್ಟಿ ಕಾಣುವುದು ಇನ್ನೂ ಕೆಲವು ನೂರು ಮೀಟರ್ ಕೆಳಗೆ.

ಹಿಮದ ಚಕ್ಕೆಗೆ ನೀರಿನ ತೆಳು ಪದರ ಬಂದ ಕೂಡಲೇ ರೇಡಾರ್‌ಗೆ ಅದು ದೊಡ್ಡದೊಂದು ನೀರಿನ ಹನಿಯ ಹಾಗೆ ಕಾಣುತ್ತೆ. ರ್ಯಾಲೆ ಸೂತ್ರದಲ್ಲಿರುವ ಕೆ-ವರ್ಗದ (ವಸ್ತು ಅಲೆಯನ್ನು ಎಷ್ಟು ಜೋರಾಗಿ ಚದುರಿಸುತ್ತೆ ಅನ್ನುವ ಅಂಕಿ) ಬೆಲೆ ಹಿಮಕ್ಕೆ ಸುಮಾರು 0.2, ನೀರಿಗೆ 0.93. ಅಂದರೆ ನಾಲ್ಕೂವರೆ ಪಟ್ಟು ದಾಟುತ್ತೆ, ಪ್ರತಿಧ್ವನಿಯ ಬಲ ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ 6.7 ಡೆಸಿಬೆಲ್ ಏರಿಕೆ. ಇಷ್ಟು ನನಗೂ ಅರ್ಥವಾಗಿತ್ತು. ಅರ್ಥವಾಗದ್ದು ಇನ್ನೊಂದು: ಪೂರ್ತಿ ಕರಗಿ ನೀರೇ ಆದ ಮೇಲೆ ಹೊಳಪು ಮತ್ತೆ ಯಾಕೆ ಇಳಿಯಬೇಕು? ನೀರು ಎಲ್ಲಿಗೂ ಹೋಗಲಿಲ್ಲವಲ್ಲ!

ಉತ್ತರ ಸಿಕ್ಕಿದ್ದು ಶಿರಾಡಿ ಘಾಟಿಯಲ್ಲಿ. ಘಾಟಿ ಹತ್ತುವಾಗ ಲಾರಿಗಳು ಒಂದರ ಬಾಲ ಒಂದು ಹಿಡಿದು ತೆವಳುತ್ತವೆ. ಸಕಲೇಶಪುರ ದಾಟಿ ಹಾಸನದ ಕಡೆ ರಸ್ತೆ ಸಿಕ್ಕ ಕೂಡಲೇ ಅವೇ ಲಾರಿಗಳು ಬಿಟ್ಟು ಬಿಟ್ಟು ಓಡುತ್ತವೆ. ಗಂಟೆಗೆ ದಾಟುವ ಲಾರಿಗಳ ಸಂಖ್ಯೆ ಎರಡೂ ಕಡೆ ಒಂದೇ, ಆದರೆ ಒಂದು ಕಿಲೋಮೀಟರ್ ರಸ್ತೆಯಲ್ಲಿ ನಿಂತು ಎಣಿಸಿದರೆ ಘಾಟಿಯಲ್ಲಿ ಹೆಚ್ಚು. ಹಿಮ ಸೆಕೆಂಡಿಗೆ 1.5 ಮೀಟರ್ ಬೀಳುತ್ತೆ, ಹನಿಯಾದ ಮೇಲೆ 7.5 ಅಂದುಕೊಳ್ಳಿ. ವೇಗ ಐದು ಪಟ್ಟು, ಹಾಗಾಗಿ ಒಂದು ಘನ ಮೀಟರ್‌ನಲ್ಲಿ ಉಳಿಯುವ ಹನಿಗಳು ಐದನೇ ಒಂದು ಭಾಗ: 7 ಡೆಸಿಬೆಲ್ ಇಳಿಕೆ.

ಏರಿಕೆ 6.7, ಇಳಿಕೆ 7. ಹೆಚ್ಚುಕಡಿಮೆ ಚುಕ್ತಾ! ಹಾಗಾದರೆ ಪಟ್ಟಿ ಯಾಕೆ ಬೇಕಿತ್ತು? ಎರಡೂ ಒಟ್ಟಿಗೆ ಆಗುವುದಿಲ್ಲ, ಅಷ್ಟೇ. ಚಕ್ಕೆ ಮೊದಲು ಒದ್ದೆಯಾಗುತ್ತೆ, ವೇಗ ಆಮೇಲೆ ಏರುತ್ತೆ. ನಡುವಿನ ಆ ಕೆಲವು ನೂರು ಮೀಟರ್‌ನಲ್ಲಿ ನೀರಿನ ಹೊಳಪು, ಹಿಮದ ದಟ್ಟಣೆ ಎರಡೂ ಕೂಡಿರುತ್ತವೆ. ಜೊತೆಗೆ ಒದ್ದೆ ಚಕ್ಕೆಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಆರನೇ ಘಾತ ಅದನ್ನು ಇನ್ನಷ್ಟು ಉಬ್ಬಿಸುತ್ತೆ. ಇದನ್ನು ಮೂರು ಸಲ ಕೈಯಲ್ಲಿ ಬರೆದ ಮೇಲೆ ತಲೆಯಲ್ಲಿ ಕೂತಿತು.

ಆದ್ದರಿಂದ ಹೊಳಪೊಂದನ್ನೇ ನಂಬಬೇಡಿ, ಪಕ್ಕದ ವೇಗದ ಚಿತ್ರ ನೋಡಿ. ಮೇಲಿಂದ ಕೆಳಗೆ 1.6, 1.8, ಆಮೇಲೆ 4, 7 ಅಂತ ಜಿಗಿದರೆ ಕರಗುವ ಪದರ ಅದೇ. ಬಿಡಿ ವೇಗ ಮೋಸ ಮಾಡುತ್ತೆ: 2 ಮಿ.ಮೀ. ಹನಿ ಸೆಕೆಂಡಿಗೆ 6.5 ಮೀಟರ್ ಬೀಳುತ್ತೆ ಸರಿ, ಆದರೆ ಅರ್ಧ ಮಿ.ಮೀ. ಹನಿ ಬೀಳುವುದು ಬರೀ 2. ನಮ್ಮ ಸೋನೆ ಮಳೆಯೂ ಹಿಮದ ವೇಗದಲ್ಲೇ ಬರುತ್ತೆ. ಆದ್ದರಿಂದ ಸಂಖ್ಯೆಗಿಂತ ಜಿಗಿತ ಮುಖ್ಯ. ಏಪ್ರಿಲ್‌ನ ಗುಡುಗು ಮಳೆಯಲ್ಲಿ ಮೇಲೇಳುವ ಗಾಳಿ ಈ ಜಿಗಿತವನ್ನೂ ಕದಡುತ್ತೆ.

ಆರಿದ್ರಾ ಮಳೆಯಲ್ಲಿ ಮೂಡಣ ಗಾಳಿ

ನನಗಿಷ್ಟದ ಶಾರ್ಟ್‌ಕಟ್ ಇದು. ಪೂರ್ವಕ್ಕೆ 15 ಡಿಗ್ರಿ ವಾಲಿದ ಬೀಮ್‌ಗೆ ಬರುವುದು ಗಾಳಿಯ 0.259 ಭಾಗ, ಬೀಳುವ ವೇಗದ 0.966 ಭಾಗ. ಭಾಗಿಸಿದರೆ 3.73. ಹನಿಯ ವೇಗ ಕಳೆಯಲು ಮರೆತರೆ ಅದರ 3.73 ಪಟ್ಟು ಗಾಳಿಯ ಲೆಕ್ಕದಲ್ಲಿ ತಪ್ಪು. ಪಡುವಣದಿಂದ 10 ಮೀಟರ್ ಗಾಳಿ, ಹನಿ 7ರಲ್ಲಿ ಬೀಳುತ್ತಿದೆ ಅನ್ನಿ: 10ರಿಂದ 26 ಕಳೆದರೆ ಮೈನಸ್ 16. ಆರಿದ್ರಾ ಮಳೆ ಹೊಯ್ಯುತ್ತಿರುವಾಗ ಮೂಡಣ ಗಾಳಿ ಬೀಸುತ್ತಿದೆ ಅನ್ನುತ್ತೆ ರೇಡಾರ್! ತೋಟದ ಆಳುಗಳೂ ನಗುತ್ತಾರೆ. ನೆಟ್ಟಗಿನ ಬೀಮ್‌ನ ವೇಗ ಮೊದಲು ಕಳೆಯಿರಿ. ಚಿಹ್ನೆಯಲ್ಲಿ ಎಚ್ಚರ: ಇಲ್ಲಿ ನಾನು ದೂರ ಹೋಗುವುದನ್ನು ಪ್ಲಸ್ ಹಿಡಿದಿದ್ದೇನೆ, ಕೆಲವರು ಉಲ್ಟಾ ಹಿಡಿಯುತ್ತಾರೆ.

ಪಟ್ಟಿಯೇ ಇಲ್ಲದಿದ್ದರೆ

ಅಪ್ಪ ಬೆಳಿಗ್ಗೆ ಮಳೆ ಮಾಪಕದ ನೀರು ಅಳೆದು ಡೈರಿಯಲ್ಲಿ "2 ಇಂಚು 40 ಸೆಂಟು" (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ) ಅಂತ ಬರೆಯುತ್ತಿದ್ದರು. ಇದನ್ನೆಲ್ಲ ವಿವರಿಸಿದೆ. "ಹಂಗಾರೆ ಇದೂ ಹಿಮ ಕರಗಿದ್ದೇನೋ?" ಅಂದರು. ನಾನು ಹೌದು ಅಂದುಬಿಟ್ಟೆ. ಪೂರ್ತಿ ಸರಿಯಲ್ಲ. ಘಟ್ಟಕ್ಕೆ ಗಾಳಿ ಬಡಿದು ಏಳುವ ಮೋಡಗಳಲ್ಲಿ ಎಷ್ಟೋ ಮೋಡಗಳ ತಲೆ ಸೊನ್ನೆ ಡಿಗ್ರಿ ಎತ್ತರವನ್ನೇ ಮುಟ್ಟುವುದಿಲ್ಲ. ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಸೇರಿ ದಪ್ಪವಾಗಿ ಬೀಳುತ್ತವೆ, ಹಿಮದ ಪ್ರಸಂಗವೇ ಬರುವುದಿಲ್ಲ. ಅಂಥ ಮಳೆಯಲ್ಲಿ ಪಟ್ಟಿಯೂ ಇಲ್ಲ, ವೇಗದ ಜಿಗಿತವೂ ಇಲ್ಲ. ಪರೀಕ್ಷೆಯಲ್ಲಿ ಅಂಥ ಚಿತ್ರ ಕೊಟ್ಟರೆ ಕರಗುವ ಎತ್ತರ ಹುಡುಕುತ್ತಾ ಕೂರಬೇಡಿ, "ಬಿಸಿ ಮೋಡದ ಮಳೆ" ಅಂತ ಬರೆಯಿರಿ. ಅಪ್ಪನಿಗೆ ಸಂಜೆ ಫೋನ್ ಮಾಡಿ ತಿದ್ದಿ ಹೇಳಿದೆ. "ಅಂತೂ 40 ಸೆಂಟು ಸರಿ ತಾನೆ?" ಅಂದರು.